ಇಳಿಜಾರಿನ ನೆತ್ತಿಯ ಮೇಲೆ

ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ನಾವೆಲ್ಲ ಓದಿ ಮರೆಯುವ ಒಂದು ವಾಕ್ಯವಿದೆ: ‘ಬ್ರೇಕ್ ಫೇಲ್ ಆಗಿ ಲಾರಿ ಪಲ್ಟಿ’. ಊರಿನ ಹೆಸರು, ಸತ್ತವರ ಸಂಖ್ಯೆ, ಲಾರಿಯಲ್ಲಿದ್ದ ಸರಕು ಬದಲಾಗುತ್ತವೆ. ವಾಕ್ಯ ಮಾತ್ರ ಹಾಗೇ ಇರುತ್ತದೆ.

ಕನ್ನಡದ ‘ಮಾಡು’ ಮತ್ತು ‘ಆಗು’ ಎಂಬ ಎರಡು ಕ್ರಿಯಾಪದಗಳ ನಡುವೆ ವ್ಯಾಕರಣಕ್ಕಿಂತ ದೊಡ್ಡ ಅಂತರವಿದೆ. ಮಾಡಿದ್ದಕ್ಕೆ ಮಾಡಿದವರು ಒಬ್ಬರು ಇದ್ದೇ ಇರುತ್ತಾರೆ. ಆದದ್ದಕ್ಕೆ ಯಾರೂ ಇರಬೇಕಿಲ್ಲ. ಮಳೆಯಾಯಿತು, ಬೆಳಗಾಯಿತು, ಬ್ರೇಕ್ ಫೇಲ್ ಆಯಿತು. ಮೂರೂ ಒಂದೇ ಸಾಲಿನಲ್ಲಿ ಬಂದು ನಿಲ್ಲುತ್ತವೆ. ಮೊದಲಿನ ಎರಡಕ್ಕೆ ನಾವು ಯಾರನ್ನೂ ಕೇಳುವಂತಿಲ್ಲ, ನಿಜ. ಮೂರನೆಯದಕ್ಕೂ ಹಾಗೆಯೇ ಸುಮ್ಮನಿರಬಹುದೇ ಎಂಬುದು ಈ ಲೇಖನದ ಪ್ರಶ್ನೆ. ಉತ್ತರಕ್ಕಾಗಿ ಮೊದಲು ಒಂದು ಇಳಿಜಾರನ್ನೂ ಒಂದು ಯಂತ್ರವನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು.

ಹೊರಗಿನವರ ಕಣ್ಣಿಗೆ ಕಲಬುರಗಿ ಎಂದರೆ ಬಯಲು, ಬಿಸಿಲು, ತೊಗರಿ ಹೊಲ. ಹುಮನಾಬಾದ್ ಕಡೆಗೆ ಹೊರಟ ಹೆದ್ದಾರಿ ಕಮಲಾಪುರ ಮುಟ್ಟುವ ಹೊತ್ತಿಗೆ ಈ ಚಿತ್ರ ಬದಲಾಗುತ್ತದೆ. ಕರಿಮಣ್ಣು ಹೋಗಿ ಕೆಂಪು ಮಣ್ಣು ಬರುತ್ತದೆ. ಗುಡ್ಡಗಳ ನಡುವಿನ ಕಣಿವೆಯಲ್ಲಿ ಆ ಊರಿಗೇ ಹೆಸರಾದ ಕೆಂಪು ಬಾಳೆಯ ತೋಟಗಳು ಕಾಣುತ್ತವೆ. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ತೆರೆದಾಗ ಇಲ್ಲಿನ ಮರಗುತ್ತಿ ಬಳಿ ಗುಡ್ಡದೊಳಗೆ ಸುರಂಗವನ್ನೇ ಕೊರೆಯಬೇಕಾಗಿತ್ತು. ರೈಲಿಗೆ ಸುರಂಗ ಸಿಕ್ಕಿತು. ಲಾರಿಗೆ ಹತ್ತಿ ಇಳಿಯುವುದು ತಪ್ಪಲಿಲ್ಲ. ನೆಹರು ಗಂಜಿನ ಬೇಳೆ, ಕಾರ್ಖಾನೆಗಳ ಸಿಮೆಂಟು, ಶಹಾಬಾದಿನ ಕಲ್ಲು ಹೊತ್ತ ಗಾಡಿಗಳು ಈ ಜಿಲ್ಲೆಯ ರಸ್ತೆಗಳಲ್ಲಿ ಹಗಲಿರುಳು ಓಡುತ್ತವೆ.

ಇದೇನು ಶಿರಾಡಿಯಲ್ಲ, ಚಾರ್ಮಾಡಿಯೂ ಅಲ್ಲ. ಸಣ್ಣ ಏರು, ಸಣ್ಣ ಇಳಿಜಾರು. ಅಪಾಯವಿರುವುದು ಅಲ್ಲೇ. ದೊಡ್ಡ ಘಾಟಿಯಲ್ಲಿ ಭಯವೇ ಚಾಲಕನನ್ನು ಎಚ್ಚರಿಸುತ್ತದೆ. ಸಣ್ಣ ಇಳಿಜಾರು ‘ಇಷ್ಟಕ್ಕೇನು, ನ್ಯೂಟ್ರಲ್ ಹಾಕಿ ಬಿಡು, ಡೀಸೆಲ್ ಉಳಿಯುತ್ತದೆ’ ಎಂದು ಕಿವಿಯಲ್ಲಿ ಹೇಳುತ್ತದೆ.

ಈಗ ಯಂತ್ರದ ಮಾತು. ಕಾಲಿನಿಂದ ಒತ್ತುವ ಬ್ರೇಕು ಗಾಡಿಯ ವೇಗವನ್ನು ಇಲ್ಲವಾಗಿಸುವುದಿಲ್ಲ, ಅದನ್ನು ಶಾಖವಾಗಿ ಬದಲಿಸುತ್ತದೆ. 40 ಟನ್ ತೂಕದ ಲಾರಿಯೊಂದು 100 ಮೀಟರ್ ಎತ್ತರದಿಂದ ಒಂದೇ ವೇಗದಲ್ಲಿ ಇಳಿಯಬೇಕಾದರೆ ಸುಮಾರು 39 ಮೆಗಾಜೂಲ್ ಶಕ್ತಿ ಎಲ್ಲಿಗಾದರೂ ಹೋಗಬೇಕು. 30 ಡಿಗ್ರಿಯಲ್ಲಿರುವ 130 ಲೀಟರಿಗೂ ಹೆಚ್ಚು ನೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ ಅದು. ಕಾಲಬ್ರೇಕನ್ನೇ ನಂಬಿ ಇಳಿದರೆ ಅದರ ಬಹುಪಾಲನ್ನು ಚಕ್ರದೊಳಗಿನ ಡ್ರಮ್ಮು ಮತ್ತು ಲೈನರುಗಳೇ ನುಂಗಬೇಕು. ಡ್ರಮ್ಮು ಕಾದು ಹಿಗ್ಗುತ್ತದೆ, ಲೈನರಿನಿಂದ ದೂರ ಸರಿಯುತ್ತದೆ. ಕಾದ ಲೈನರು ಹಿಡಿತ ಕಳೆದುಕೊಳ್ಳುತ್ತದೆ. ಸುಟ್ಟ ವಾಸನೆ ಮೂಗಿಗೆ ಬರುವಷ್ಟರಲ್ಲಿ ಪೆಡಲ್ ಪೂರ್ತಿ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಏನೂ ಮುರಿದಿಲ್ಲ, ಯಾವ ಪೈಪೂ ಒಡೆದಿಲ್ಲ. ತಣ್ಣಗಾದ ಮೇಲೆ ಅದೇ ಬ್ರೇಕು ಮತ್ತೆ ಹಿಡಿಯಲೂಬಹುದು. ನಾವು ‘ಫೇಲ್’ ಎನ್ನುವುದರಲ್ಲಿ ಒಂದು ಪಾಲು ಇಂಥದ್ದು: ಅದರ ಮಿತಿ ಮೀರಿ ಕೆಲಸ ಹೇಳಿದ್ದರ ಫಲ.

ಆದ್ದರಿಂದ ಇಳಿಜಾರಿನಲ್ಲಿ ಭಾರವನ್ನು ಹಿಡಿಯಬೇಕಾದದ್ದು ಮುಖ್ಯವಾಗಿ ಎಂಜಿನ್. ಆದರೆ ಡೀಸೆಲ್ ಎಂಜಿನ್ನಿಗೆ ಒಂದು ಕೊರತೆಯಿದೆ. ಪೆಟ್ರೋಲ್ ಗಾಡಿಯಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಗಾಳಿಯ ದಾರಿ ಮುಚ್ಚಿಕೊಂಡು ಎಂಜಿನ್ ತಾನೇ ಎಳೆದು ಹಿಡಿಯುತ್ತದೆ. ಡೀಸೆಲ್ ಎಂಜಿನ್ ಸಾಮಾನ್ಯವಾಗಿ ಹಾಗೆ ಗಾಳಿಯನ್ನು ತಡೆಯುವುದಿಲ್ಲ. ಒಳಗೆ ಒತ್ತಿದ ಗಾಳಿ ಸ್ಪ್ರಿಂಗಿನಂತೆ ಪಿಸ್ಟನ್ನನ್ನು ಮತ್ತೆ ತಳ್ಳಿ, ತಡೆದದ್ದರಲ್ಲಿ ಬಹಳಷ್ಟನ್ನು ಹಿಂದಕ್ಕೆ ಕೊಟ್ಟುಬಿಡುತ್ತದೆ. ಈ ಕೊರತೆ ತುಂಬಲು ನಮ್ಮ ಲಾರಿಗಳಲ್ಲಿ ಎಗ್ಜಾಸ್ಟ್ ಬ್ರೇಕ್ ಇದೆ. ಸ್ವಿಚ್ ಒತ್ತಿದರೆ ಹೊಗೆ ಹೋಗುವ ಕೊಳವೆಯಲ್ಲಿ ಒಂದು ಕವಾಟ ಮುಚ್ಚುತ್ತದೆ, ಡೀಸೆಲ್ ನಿಲ್ಲುತ್ತದೆ, ಪಿಸ್ಟನ್ನುಗಳು ಮುಚ್ಚಿದ ಬಾಗಿಲಿನ ವಿರುದ್ಧ ದುಡಿಯಬೇಕಾಗುತ್ತದೆ. ಏರಿನಲ್ಲಿ ಗಾಡಿಯನ್ನು ಎಳೆದ ಎಂಜಿನ್ನೇ ಇಳಿಜಾರಿನಲ್ಲಿ ಉಸಿರು ಬಿಗಿಹಿಡಿದು ಅದನ್ನು ತಡೆಯುತ್ತದೆ. ಕಾಯುವ ಲೈನರಿಲ್ಲ, ಸವೆಯುವ ಡ್ರಮ್ಮಿಲ್ಲ.

ಇದಕ್ಕೊಂದು ಷರತ್ತಿದೆ. ಗಾಡಿ ಸರಿಯಾದ ಕೆಳ ಗೇರಿನಲ್ಲಿರಬೇಕು. ಮೇಲಿನ ಗೇರಿನಲ್ಲಿ ಎಂಜಿನ್ ನಿಧಾನವಾಗಿ ತಿರುಗುವಾಗ ಈ ಬ್ರೇಕಿನಿಂದ ಹೆಚ್ಚು ಪ್ರಯೋಜನವಿಲ್ಲ. ವೇಗ ಹೆಚ್ಚಾದ ಮೇಲೆ ಕೆಳ ಗೇರಿಗೆ ಹಾಕಹೋದರೆ ಗೇರು ಕೂರದೆ, ಗಾಡಿ ನ್ಯೂಟ್ರಲ್ಲಿನಲ್ಲೇ ಉಳಿದು, ಇದ್ದ ಹಿಡಿತವೂ ಹೋಗಬಹುದು. ಕಮಲಾಪುರದ ಹತ್ತಿರದ ಢಾಬಾವೊಂದರಲ್ಲಿ ಚಹಾ ಕುಡಿಯುತ್ತ ಹಿರಿಯ ಚಾಲಕರೊಬ್ಬರು ಇದನ್ನು ನನಗೆ ಹೇಳಿದ ರೀತಿ ಬೇರೆ: ‘ನೋಡ್ ತಮ್ಮಾ, ಇಳಿಲಾಕ ಹತ್ತಿದ ಮ್ಯಾಲ ಗಾಡಿ ನಮ್ಮ ಮಾತ ಕೇಳಂಗಿಲ್ಲ. ಏನ್ ಹೇಳೂದದ, ಮ್ಯಾಲೇ ಹೇಳ್ಬೇಕು.’

ಈ ಮಾತನ್ನು ಕೇಳಿದಾಗ ನನಗೆ ಅರಿಸ್ಟಾಟಲ್ ನೆನಪಾದ. ‘ನಿಕೊಮೇಕಿಯನ್ ಎಥಿಕ್ಸ್’ ಕೃತಿಯ ಮೂರನೆಯ ಭಾಗದಲ್ಲಿ ಅವನು ಕಲ್ಲೆಸೆದವನ ಉದಾಹರಣೆ ಕೊಡುತ್ತಾನೆ. ಕೈಬಿಟ್ಟ ಕಲ್ಲನ್ನು ವಾಪಸು ಪಡೆಯಲಾಗದು. ಆದರೂ ಅದು ಎಸೆದವನ ಕೃತ್ಯವೇ, ಏಕೆಂದರೆ ಎಸೆಯುವುದು, ಬಿಡುವುದು ಅವನ ಕೈಯಲ್ಲಿತ್ತು. ‘ಆಗ ನಾನೇನೂ ಮಾಡುವಂತಿರಲಿಲ್ಲ’ ಎಂಬ ಮಾತು ಸತ್ಯವಾಗಿದ್ದೂ ಸಾಲದೇ ಹೋಗಬಹುದು ಎಂಬುದು ಇದರ ಸಾರ. ನಡು ಇಳಿಜಾರಿನಲ್ಲಿ ಕಾದ ಬ್ರೇಕಿನ ಮೇಲೆ ನಿಂತ ಚಾಲಕ ಮಾಡಬಹುದಾದದ್ದು ಏನೂ ಉಳಿದಿರುವುದಿಲ್ಲ. ಅವನ ಸ್ವಾತಂತ್ರ್ಯ ಇದ್ದದ್ದು ಒಂದೆರಡು ಕಿಲೋಮೀಟರ್ ಹಿಂದೆ, ನೆತ್ತಿಯ ಮೇಲೆ, ಗೇರಿನ ಗುಂಡಿಯ ಮೇಲೆ ಕೈಯಿಟ್ಟ ಗಳಿಗೆಯಲ್ಲಿ. ನಾವು ನೈತಿಕತೆಯನ್ನು ಸಾಮಾನ್ಯವಾಗಿ ಬಿಕ್ಕಟ್ಟಿನ ಗಳಿಗೆಯಲ್ಲಿ ಹುಡುಕುತ್ತೇವೆ. ಅದು ಮುಗಿದುಹೋಗಿರುವುದು ಅದಕ್ಕಿಂತ ಎಷ್ಟೋ ಮೊದಲು, ಏನೂ ಆಗದಂತಿದ್ದ ಹೊತ್ತಿನಲ್ಲಿ.

ಇಲ್ಲಿಗೇ ನಿಲ್ಲಿಸಿದರೆ ಈ ತರ್ಕ ಚಾಲಕನ ಕೊರಳಿಗೆ ಉರುಳಾಗುತ್ತದೆ. ಆದ್ದರಿಂದ ಎರಡು ಮಾತು ಸೇರಿಸಬೇಕು.

ಮೊದಲನೆಯದು ಅದೃಷ್ಟದ್ದು. ನೂರು ಲಾರಿಗಳು ನ್ಯೂಟ್ರಲ್ಲಿನಲ್ಲಿ ಇಳಿದವು ಎಂದಿಟ್ಟುಕೊಳ್ಳಿ. ತೊಂಬತ್ತೊಂಬತ್ತು ಸುಮ್ಮನೆ ಕೆಳಗೆ ಸೇರಿದವು. ಒಂದರ ಎದುರಿಗೆ ಶಾಲೆ ಮುಗಿಸಿ ಬರುತ್ತಿದ್ದ ಮಗು ಬಂತು. ನೂರು ಜನರ ಅಜಾಗ್ರತೆ ಒಂದೇ ಅಳತೆಯದು, ಜೈಲಿಗೆ ಹೋಗುವವನು ಒಬ್ಬ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ‘ನೈತಿಕ ಅದೃಷ್ಟ’ದ ಬಗ್ಗೆ ಚರ್ಚಿಸಿದಾಗ ಇಬ್ಬರ ಉದಾಹರಣೆಗಳಲ್ಲೂ ಒಬ್ಬ ಲಾರಿ ಚಾಲಕ ಇದ್ದ. ಬ್ರೇಕು ಪರೀಕ್ಷೆ ಮಾಡಿಸದೆ ಹೋದವನು ತನ್ನನ್ನು ಎಷ್ಟು ದೂಷಿಸಿಕೊಳ್ಳುತ್ತಾನೆ ಎಂಬುದನ್ನು ರಸ್ತೆಗೆ ಮಗು ಬಂತೋ ಇಲ್ಲವೋ ಎಂಬುದು ನಿರ್ಧರಿಸುತ್ತದೆ ಎಂದ ನೇಗಲ್. ತನ್ನ ತಪ್ಪೇ ಇಲ್ಲದೆ ಮಗುವಿನ ಮೇಲೆ ಗಾಡಿ ಹಾಯಿಸಿದ ಚಾಲಕನ ನೋವು ನೋಡುತ್ತ ನಿಂತವರ ನೋವಿನಂಥದ್ದಲ್ಲ ಎಂದ ವಿಲಿಯಮ್ಸ್. ಆ ಚಾಲಕನಿಗೆ ‘ಆಯಿತು’ ಎಂಬ ಪದ ನೆಪವಷ್ಟೇ ಅಲ್ಲ, ಕೆಲವೊಮ್ಮೆ ಅದೊಂದು ಆಸರೆ. ಆ ಆಸರೆಯನ್ನು ಕಿತ್ತುಕೊಳ್ಳುವುದರಿಂದ ನಮಗೆ ಸಿಗುವುದು ನ್ಯಾಯವಲ್ಲ. ನಾವು ಕೇಳಬೇಕಾದ ಪ್ರಶ್ನೆ ಉಳಿದ ತೊಂಬತ್ತೊಂಬತ್ತರ ಬಗ್ಗೆ.

ಎರಡನೆಯದು, ನೆತ್ತಿಯ ಮೇಲೆ ಚಾಲಕ ಒಬ್ಬನೇ ಇರುವುದಿಲ್ಲ ಎಂಬುದು. ಇದನ್ನು ಹೇಳಲು ದೂರ ಹೋಗಬೇಕಿಲ್ಲ. ಇದೇ ಜಿಲ್ಲೆಯ ಮರತೂರು ‘ಮಿತಾಕ್ಷರಾ’ ಬರೆದ ವಿಜ್ಞಾನೇಶ್ವರನ ಊರೆಂದು ಹೆಸರಾಗಿದೆ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದವನು ಅವನು. ಆಸ್ತಿ ಹಂಚಿಕೆಯ ಪಾಠದಲ್ಲಿ ಮಾತ್ರ ನಮಗೆ ಅವನ ಹೆಸರು ಸಿಗುತ್ತದೆ. ಆದರೆ ಅವನು ಟೀಕೆ ಬರೆದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಬಂಡಿ ಅಪಘಾತದ ಮಾತೂ ಇದೆ. ಎತ್ತಿನ ಮೂಗುದಾರ ಹರಿದು, ನೊಗ ಮುರಿದು, ಇಲ್ಲವೇ ಬಂಡಿ ಹಿಮ್ಮುಖ ಸರಿದು ಯಾರಿಗಾದರೂ ಪೆಟ್ಟಾದರೆ ಒಡೆಯನ ದೋಷವಲ್ಲ ಎನ್ನುತ್ತದೆ ಅದು. ನಮ್ಮ ‘ಬ್ರೇಕ್ ಫೇಲ್’ನ ಪೂರ್ವಜ ಇದೇ. ಮನುಸ್ಮೃತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಸಾರಥಿ ಪಳಗಿದವನಾಗಿದ್ದರೆ ದಂಡ ಸಾರಥಿಗೆ, ಪಳಗದವನ ಕೈಗೆ ಬಂಡಿ ಕೊಟ್ಟಿದ್ದರೆ ದಂಡ ಒಡೆಯನಿಗೆ. ಮನುಷ್ಯರನ್ನು ಹುಟ್ಟಿನಿಂದ ಅಳೆದು ಶಿಕ್ಷೆ ಹಂಚಿದ ಗ್ರಂಥವನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಅಂಥ ಗ್ರಂಥಕ್ಕೂ ಕಂಡ ಒಂದು ಸಂಗತಿ ನಮಗೆ ಕಾಣದೇ ಹೋಗಬಾರದು ಎಂಬುದಕ್ಕಾಗಿ ಹೇಳುತ್ತಿದ್ದೇನೆ. ಬಂಡಿ ಉರುಳಿದ ಜಾಗದಲ್ಲಿ ಒಡೆಯ ಇರುವುದಿಲ್ಲ, ಬಂಡಿ ಹೊರಟ ಜಾಗದಲ್ಲಿ ಇರುತ್ತಾನೆ.

ಇವತ್ತಿನ ಒಡೆಯನನ್ನು ನೋಡೋಣ. ಇಷ್ಟು ಲೀಟರಿಗೆ ಇಷ್ಟು ಕಿಲೋಮೀಟರ್ ಬರಲೇಬೇಕು ಎಂದು ಲೆಕ್ಕ ಹಾಕಿ, ಉಳಿದರೆ ಚಾಲಕನಿಗೆ, ಹೆಚ್ಚಾದರೆ ಅವನ ಸಂಬಳದಿಂದ ಎಂಬ ವ್ಯವಹಾರ ಇರುವ ಕಡೆ ನ್ಯೂಟ್ರಲ್ ಹಾಕಿಸುವುದು ಆ ಲೆಕ್ಕವೇ. ತಮಾಷೆಯೆಂದರೆ ಈ ಉಳಿತಾಯದಲ್ಲಿ ಬಹುಪಾಲು ಭ್ರಮೆ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟು ಇಳಿಯುವ ಇಂದಿನ ಡೀಸೆಲ್ ಎಂಜಿನ್ನಿಗೆ ಇಂಧನ ಹೋಗುವುದೇ ನಿಲ್ಲುತ್ತದೆ; ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ ಆರದಂತೆ ಡೀಸೆಲ್ ಸುಡುತ್ತಲೇ ಇರಬೇಕು. ಇನ್ನು ತೂಕ: 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿ ಏರಿಸಿ, ಗಾಡಿಯ ಒಟ್ಟು ತೂಕದ ಗರಿಷ್ಠ ಮಿತಿಯನ್ನು 49ರಿಂದ 55 ಟನ್ನಿಗೆ ತಂದಿತು. ಅದನ್ನೂ ಮೀರಿ ಹೇರುವುದು ನಿಂತಿಲ್ಲ. ಹಾಗೆ ಹೇರುವ ನಿರ್ಧಾರ ಸಾಮಾನ್ಯವಾಗಿ ಸ್ಟೇರಿಂಗ್ ಹಿಡಿದವನದಲ್ಲ.

ಕಾನೂನಿಗೂ ಇದು ಅರ್ಧ ಗೊತ್ತಿದೆ. ಮೋಟಾರು ವಾಹನ ಕಾಯ್ದೆಯ 113ನೇ ಕಲಮು ಅತಿಭಾರದ ಗಾಡಿ ಓಡಿಸುವವನನ್ನಷ್ಟೇ ಅಲ್ಲ, ಓಡಿಸಲು ಕಾರಣನಾದವನನ್ನೂ ಬಿಟ್ಟವನನ್ನೂ ಹೆಸರಿಸುತ್ತದೆ. ಚಾಲಕ ಬೇರೆ, ಮಾಲೀಕ ಬೇರೆ ಆಗಿದ್ದರೆ ಮಾಲೀಕನಿಗೆ ತಿಳಿದೇ ಹೀಗಾಗಿದೆ ಎಂದು ನ್ಯಾಯಾಲಯ ಭಾವಿಸಬಹುದು ಎಂದೂ ಹೇಳುತ್ತದೆ. ಆದರೆ ಜೀವ ಹೋದಾಗ ಈ ಇಡೀ ಸಾಲು ಕುಗ್ಗಿ ಒಬ್ಬನ ಮೇಲೆ ಬಂದು ನಿಲ್ಲುತ್ತದೆ. ಅಜಾಗ್ರತೆಯ ಸಾವಿಗೆ ಹಳೆಯ ದಂಡಸಂಹಿತೆಯ 304ಎ ಕಲಮಿನಲ್ಲಿ ಗರಿಷ್ಠ 2 ವರ್ಷವಿದ್ದ ಶಿಕ್ಷೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ 5 ವರ್ಷವಾಯಿತು. ಅಪಘಾತ ಮಾಡಿ, ತಿಳಿಸದೆ ಓಡಿಹೋದರೆ 10 ವರ್ಷ ಎಂಬ ಉಪಕಲಮಿನ ವಿರುದ್ಧ 2024ರ ಜನವರಿಯ ಮೊದಲ ದಿನಗಳಲ್ಲಿ ದೇಶದ ಹಲವೆಡೆ ಚಾಲಕರು ಗಾಡಿ ನಿಲ್ಲಿಸಿದರು. ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಉಪಕಲಮನ್ನು ತಡೆಹಿಡಿಯಲಾಗಿತ್ತು. ಸಾಮಾನ್ಯವಾಗಿ ಪರಿಹಾರದ ಹಣ ವಿಮೆಯಿಂದ ಹೋಗುತ್ತದೆ, ಸೆರೆವಾಸ ಚಾಲಕನಿಗೆ ಹೋಗುತ್ತದೆ. ಲಾಭ ಮಾತ್ರ ಅಪಘಾತಕ್ಕೆ ಮೊದಲೇ ಬೇರೆಡೆ ಸೇರಿರುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಸಣ್ಣದಲ್ಲ. ಹೊಣೆಯನ್ನು ಹೀಗೆ ಹಿಂದಕ್ಕೆ ಎಳೆಯುತ್ತ ಹೋದರೆ ಮಾಲೀಕ, ವ್ಯಾಪಾರಿ, ಕಡಿಮೆ ಬೆಲೆಗೆ ಬೇಳೆ ಕೇಳುವ ನಾನು, ನೀವು, ಎಲ್ಲರೂ ಹೊಣೆಗಾರರು. ಎಲ್ಲರೂ ಹೊಣೆಯಾದರೆ ಯಾರೂ ಹೊಣೆಯಲ್ಲ. ‘ಮಾಡಿದರು’ ತಿರುಗಿ ‘ಆಯಿತು’ ಆಗಿಬಿಡುತ್ತದೆ. ಇದಕ್ಕೆ ನನ್ನ ಉತ್ತರ ಎರಡು ಪ್ರಶ್ನೆಗಳ ರೂಪದಲ್ಲಿದೆ. ಆ ಗಳಿಗೆಯಲ್ಲಿ ಈ ವ್ಯಕ್ತಿಗೆ ಬೇರೆ ದಾರಿ ಇತ್ತೇ? ಇದ್ದರೆ, ಆ ದಾರಿಯ ಬೆಲೆ ತೆರುವ ಶಕ್ತಿ ಅವರಿಗಿತ್ತೇ? ಐದು ಟನ್ ಇಳಿಸಿ ಕಳಿಸಿದ್ದರೆ ಮಾಲೀಕನಿಗೆ ಒಂದು ಖೇಪಿನ ಲಾಭದಲ್ಲಿ ಒಂದು ಪಾಲು ಕಡಿಮೆಯಾಗುತ್ತಿತ್ತು. ‘ಇಷ್ಟು ಭಾರ ಒಯ್ಯುವುದಿಲ್ಲ’ ಎಂದಿದ್ದರೆ ಚಾಲಕನ ಕೆಲಸವೇ ಹೋಗುತ್ತಿತ್ತು. ಇಬ್ಬರಿಗೂ ಆಯ್ಕೆ ಇತ್ತು, ಆದರೆ ಬೆಲೆ ಒಂದೇ ಅಲ್ಲ. ಹೊಣೆಯನ್ನು ಹಂಚುವಾಗ ಈ ಬೆಲೆಯ ತಕ್ಕಡಿಯನ್ನೂ ಮುಂದಿಟ್ಟುಕೊಂಡರೆ ಅದು ಎಲ್ಲರ ಮೇಲೂ ಸಮನಾಗಿ ಹರಡಿ ಆವಿಯಾಗುವುದಿಲ್ಲ.

ಕಬ್ಬಿನ ಹಂಗಾಮಿನಲ್ಲಿ ಇದು ಇನ್ನೂ ಬಿಚ್ಚಿ ಕಾಣುತ್ತದೆ. ಆಳಂದ, ಅಫಜಲಪುರ ಕಡೆಯ ರಸ್ತೆಗಳಲ್ಲಿ ಒಂದು ಟ್ರ್ಯಾಕ್ಟರಿನ ಹಿಂದೆ ಎರಡು ಟ್ರೇಲರು, ಅವುಗಳ ಮೇಲೆ ಆಳೆತ್ತರಕ್ಕೂ ಮೀರಿದ ಕಬ್ಬು. ಇಂಥ ಟ್ರೇಲರುಗಳಲ್ಲಿ ಹೆಚ್ಚಿನವಕ್ಕೆ ಬ್ರೇಕೇ ಇರುವುದಿಲ್ಲ. ಟ್ರ್ಯಾಕ್ಟರಿನ ಬ್ರೇಕು ಸಾಮಾನ್ಯವಾಗಿ ಹಿಂದಿನ ಎರಡು ಚಕ್ರಗಳಿಗೆ ಮಾತ್ರ; ಉಳುವಾಗ ತಿರುಗಿಸಲು ಎಡಕ್ಕೊಂದು ಬಲಕ್ಕೊಂದು ಪೆಡಲು. ರಸ್ತೆಗೆ ಬಂದಾಗ ಎರಡನ್ನೂ ಜೋಡಿಸುವ ಕೊಂಡಿ ಹಾಕಲು ಮರೆತರೆ, ಬ್ರೇಕು ಹಾಕಿದ ಕೂಡಲೇ ಟ್ರ್ಯಾಕ್ಟರ್ ಒಂದೇ ಕಡೆ ತಿರುಗುತ್ತದೆ. ಇಳಿಜಾರಿನಲ್ಲಿ ಎರಡು ಟ್ರೇಲರುಗಳ ಭಾರ ಹಿಂದಿನಿಂದ ತಳ್ಳುವಾಗ ಅವನಿಗಿರುವ ದೊಡ್ಡ ರಕ್ಷಣೆ ಮೊದಲೇ ಹಾಕಿದ ಕೆಳ ಗೇರು. ಅದನ್ನು ಅವನಿಗೆ ಹೇಳಿಕೊಟ್ಟವರು ಯಾರು? ಬ್ರೇಕಿಲ್ಲದ ಟ್ರೇಲರನ್ನು ಕೊಂಡವರು, ತೂಗಿಸಿಕೊಂಡು ಒಳಗೆ ಬಿಟ್ಟವರು ಯಾರು? ಅದು ಮಗುಚಿದ ದಿನ ಈ ಪ್ರಶ್ನೆ ಕೇಳುವವರಿಲ್ಲ. ಮಗುಚದ ದಿನಗಳಲ್ಲಿ ಅದನ್ನು ಪ್ರಶ್ನೆಯೆಂದೇ ಎಣಿಸುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ‘ಇಳಿಜಾರು ಬಂದರೆ ಎಂಜಿನ್ ಬ್ರೇಕ್ ಹಾಕು’ ಎಂಬ ನಿಯಮ ಬರೆದು ಮುಗಿಸಬಹುದು ಅನ್ನಿಸಬಹುದು. ಹಾಗೂ ಇಲ್ಲ. ಎಗ್ಜಾಸ್ಟ್ ಬ್ರೇಕ್ ಹಿಡಿಯುವುದು ಎಂಜಿನ್ನಿಗೆ ಜೋಡಿಸಿದ ಚಕ್ರಗಳನ್ನು ಮಾತ್ರ. ಮೊದಲ ಮಳೆ ಬಿದ್ದು ರಸ್ತೆಯ ಎಣ್ಣೆ ಮೇಲೆದ್ದ ದಿನ, ಅದರಲ್ಲೂ ಗಾಡಿ ಖಾಲಿಯಿದ್ದಾಗ, ಅದೇ ಚಕ್ರಗಳು ಹಿಡಿತ ತಪ್ಪಿ ಜಾರಬಹುದು. ಹಿಂದೆ ಟ್ರೇಲರಿದ್ದರೆ ಅದು ನಿಲ್ಲದೆ ಮುಂದಿನದನ್ನು ತಳ್ಳಿ, ಇಡೀ ಗಾಡಿ ಮಡಿಚಿದ ಕುಡುಗೋಲಿನಂತಾಗಬಹುದು. ‘ಯಾವ ಗೇರಿನಾಗ ಏರ್ತಿ, ಅದೇ ಗೇರಿನಾಗ ಇಳಿ’ ಎಂಬ ಹಿರಿಯರ ಸೂತ್ರವೂ ಈಗ ಪೂರ್ತಿ ನಂಬುವಂತಿಲ್ಲ. ಹಳೆಯ ಎಂಜಿನ್ನುಗಳು ಬಡಕಲಾಗಿದ್ದವು, ಕೆಳ ಗೇರಿನಲ್ಲೇ ಏರುತ್ತಿದ್ದವು. ಇಂದಿನ ಬಲಶಾಲಿ ಎಂಜಿನ್ ಮೇಲಿನ ಗೇರಿನಲ್ಲೇ ಏರಿಬಿಡುತ್ತದೆ. ಇಳಿಯಲು ಅದಕ್ಕಿಂತ ಕೆಳಗಿನದು ಬೇಕು. ಹಿರಿಯರ ಸೂತ್ರ ಸುಳ್ಳಾಗಲಿಲ್ಲ, ಅದು ನಿಂತಿದ್ದ ನೆಲ ಬದಲಾಯಿತು. ಶಕ್ತಿ ಹೆಚ್ಚಿದಷ್ಟೂ ಸಂಯಮವನ್ನೂ ಹೊಸದಾಗಿ ಲೆಕ್ಕ ಹಾಕಬೇಕಾಗುತ್ತದೆ.

ಈ ತಿಳಿವಳಿಕೆಗೆ ನಮ್ಮಲ್ಲಿ ಒಳ್ಳೆಯ ಪದವಿದೆ: ಹದ. ಜೋಳದ ಹಿಟ್ಟಿಗೆ ಎಷ್ಟು ಬಿಸಿನೀರು, ಮಳೆ ನಿಂತ ಎಷ್ಟನೆಯ ದಿನ ಕುಂಟೆ ಹೊಡೆಯಬೇಕು ಎಂಬುದು ಪುಸ್ತಕದ ಅಳತೆಗೆ ಸಿಕ್ಕುವುದಿಲ್ಲ. ನಿಯಮ ಬೇಕು, ಆದರೆ ನಿಯಮವನ್ನು ಇವತ್ತಿನ ನೆಲಕ್ಕೆ, ಇವತ್ತಿನ ಭಾರಕ್ಕೆ ಹೊಂದಿಸುವವರೂ ಬೇಕು. ಹದ ಬರುವುದು ಪಳಗಿದವರ ಜೊತೆ ಕೂತು ಕಲಿತಾಗ. ಉಸ್ತಾದನ ಪಕ್ಕದಲ್ಲಿ ವರ್ಷಗಟ್ಟಲೆ ಕ್ಲೀನರಾಗಿ ಕೂತು ಕಲಿಯುವ ಪದ್ಧತಿಯಲ್ಲಿ ಬೈಗುಳವೂ ಶೋಷಣೆಯೂ ಇದ್ದವು, ಹದವೂ ಇತ್ತು. ಕ್ಲೀನರಿಲ್ಲದ ಗಾಡಿಗಳು ಹೆಚ್ಚಾಗುತ್ತಿರುವ ಈಗ ಶೋಷಣೆಯ ರೂಪ ಬದಲಾಗಿದೆ. ಹದ ಕಲಿಸುವ ಜಾಗ ಯಾವುದು ಎಂಬುದು ಮಾತ್ರ ಸ್ಪಷ್ಟವಾಗಿಲ್ಲ.

ಅಪಘಾತಕ್ಕೆ ಎರಡು ಬಗೆಯಲ್ಲಿ ಹೊಣೆ ಹೊರಬಹುದು. ಒಂದು, ಹಿಂದಿರುಗಿ ನೋಡಿ ಅಪರಾಧಿಯನ್ನು ಹುಡುಕುವುದು. ಇನ್ನೊಂದಕ್ಕೆ ಒಂದು ಕಥೆ ಹೇಳಬಹುದು. 1931ರಲ್ಲಿ ಅಮೆರಿಕದ ಎಂಜಿನ್ ತಯಾರಕ ಕ್ಲೆಸಿ ಕಮಿನ್ಸ್ ತನ್ನ ಡೀಸೆಲ್ ಟ್ರಕ್ಕಿನಲ್ಲಿ ಕ್ಯಾಲಿಫೋರ್ನಿಯಾದ ಕಹೋನ್ ಕಣಿವೆಯನ್ನು ಇಳಿಯುವಾಗ ಬ್ರೇಕು ಕೈಕೊಟ್ಟಿತು. ಕೆಳಗೆ ರಸ್ತೆಗೆ ಅಡ್ಡಲಾಗಿ ಗೂಡ್ಸ್ ರೈಲು ದಾಟುತ್ತಿತ್ತು. ಕೊನೆಯ ಗಳಿಗೆಯಲ್ಲಿ ಅವನು ಪಾರಾದ. ‘ಬದುಕಿದೆ’ ಎಂದು ಅವನು ಅದನ್ನು ಅಲ್ಲಿಗೇ ಬಿಡಲಿಲ್ಲ. ಒಳಗೆ ಒತ್ತಿದ ಗಾಳಿ ಸ್ಪ್ರಿಂಗಿನಂತೆ ಮರಳಿ ತಳ್ಳುವ ಮೊದಲೇ ಅದನ್ನು ಹೊರಬಿಟ್ಟರೆ ಎಂಜಿನ್ನೇ ಬ್ರೇಕಾಗುತ್ತದೆ ಎಂಬ ವಿಚಾರವನ್ನು ಮುಂದೆ ಯಂತ್ರವಾಗಿಸಿದ. ಜೇಕಬ್ಸ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದದ್ದು 1961ರಲ್ಲಿ. ಒಂದು ಇಳಿಜಾರಿನ ಭಯ ಬೇರೆಯವರಿಗೆ ಉಪಯೋಗವಾಗಲು ಮೂವತ್ತು ವರ್ಷ ಹಿಡಿಯಿತು. ಯಾರನ್ನೂ ಜೈಲಿಗೆ ಕಳಿಸದ ಈ ಹೊಣೆಯೂ ಹೊಣೆಯೇ.

ನಮಗೆ ಅಷ್ಟು ದೊಡ್ಡ ಆವಿಷ್ಕಾರ ಬೇಕಿಲ್ಲ, ಯಂತ್ರ ಈಗಾಗಲೇ ಲಾರಿಯಲ್ಲಿದೆ. ಬೇಕಾಗಿರುವುದು ಪಂಚನಾಮೆಯಲ್ಲಿ, ವರದಿಯಲ್ಲಿ ಇನ್ನೂ ನಾಲ್ಕು ಪ್ರಶ್ನೆ. ಗಾಡಿ ಯಾವ ಗೇರಿನಲ್ಲಿತ್ತು? ಎಷ್ಟು ಟನ್ ಹೇರಿದ್ದರು, ಹೇರಲು ಹೇಳಿದ್ದು ಯಾರು? ಲೈನರು ಕೊನೆಗೆ ಬದಲಿಸಿದ್ದು ಯಾವಾಗ? ಚಾಲಕ ಎಷ್ಟು ತಾಸಿನಿಂದ ನಿದ್ದೆ ಮಾಡಿರಲಿಲ್ಲ? ಇವುಗಳಿಗೆ ಉತ್ತರ ಸಿಕ್ಕಿದ ದಿನ ‘ಬ್ರೇಕ್ ಫೇಲ್ ಆಗಿ’ ಎಂಬ ಎರಡೂವರೆ ಪದಗಳ ಜಾಗದಲ್ಲಿ ಉದ್ದದ ವಾಕ್ಯವೊಂದು ಬರಬೇಕಾಗುತ್ತದೆ, ಅದರಲ್ಲಿ ಕರ್ತೃಪದಗಳೂ ಇರುತ್ತವೆ. ಆ ವಾಕ್ಯ ಜಿಲ್ಲಾ ಪುಟದ ಎರಡು ಕಾಲಮ್ಮಿನಲ್ಲಿ ಹಿಡಿಸಲಿಕ್ಕಿಲ್ಲ. ಆದರೂ ಅದನ್ನು ಬರೆಯಲು ಕಲಿಯಬೇಕು.